ಐವತ್ತು ವರ್ಷದ ಲ್ಯಾಂಡ್ ರೋವರ್ ನೋಡಲು ಹೋಗುತ್ತಿದ್ದೇನೆ, ಮೊದಲು ಎಲ್ಲಿ ಕಣ್ಣು ಹಾಕಬೇಕು?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ತುಂಬಾ ವರ್ಷದಿಂದ ಮನಸ್ಸಿನಲ್ಲಿದ್ದ ಆಸೆ ಈಗ ಕೈಗೆ ಸಿಗುವ ಹಾಗೆ ಕಾಣುತ್ತಿದೆ. 1976ರ ಲ್ಯಾಂಡ್ ರೋವರ್ ಸೀರೀಸ್ 3 ಒಂದು ಮಾರಾಟಕ್ಕಿದೆ. ಮುಂದಿನ ಹಿಂದಿನ ಚಕ್ರಗಳ ನಡುವೆ 88 ಇಂಚಿನ ಗಿಡ್ಡ ಗಾಡಿ, 2.25 ಲೀಟರ್ ಪೆಟ್ರೋಲ್ ಎಂಜಿನ್. ಫೋಟೋದಲ್ಲಿ ಹಸಿರು ಬಣ್ಣ ಫಳಫಳ ಹೊಳೆಯುತ್ತಿದೆ. ಎಂಜಿನ್ ಈಚೆಗೆ ಬಿಚ್ಚಿ ಮಾಡಿಸಿದ್ದು, ಕೆಳಗಡೆಯೂ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದು ಅಂತ ಮಾಲೀಕರು ಹೇಳಿದ್ದಾರೆ.

ಭಾನುವಾರ ನೋಡಲು ಹೋಗುತ್ತಿದ್ದೇನೆ. ನಾನು ಇದುವರೆಗೆ ಓಡಿಸಿದ್ದೆಲ್ಲ ಹೊಸ ಕಾರುಗಳೇ. ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಕೆಳಗೆ ಒಮ್ಮೆಯೂ ಮಲಗಿ ನೋಡಿದವನಲ್ಲ. ಏನೇನು ತೆಗೆದುಕೊಂಡು ಹೋಗಲಿ, ಯಾವುದನ್ನು ಮೊದಲು ನೋಡಲಿ? ಕೂಡಿಟ್ಟ ದುಡ್ಡು ಅಷ್ಟೂ ಇದಕ್ಕೇ ಹೋಗುತ್ತದೆ. ಹಾಗಾಗಿ ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇಚಾಸಿ:

ಗಾಡಿಯ ಮುಂದೆ ನಿಂತು ನೋಡುತ್ತಾ ಇರಬೇಡಿ. ಹೋದ ಕೂಡಲೇ ಒಂದು ಗೋಣಿಚೀಲ ಹಾಸಿ ಕೆಳಗೆ ಮಲಗಿ. ಬಾನೆಟ್ ತೆಗೆಯುವುದು ಕೊನೆಗೆ.

ನಾನು 22 ವರ್ಷದಿಂದ ಇಂಥ ಗಾಡಿಗಳ ಚಾಸಿಗೆ, ಅಂದರೆ ಕೆಳಗಿನ ಚೌಕಟ್ಟಿಗೆ, ವೆಲ್ಡಿಂಗ್ ಮಾಡುತ್ತಿದ್ದೇನೆ. ನನ್ನ ಹತ್ತಿರ ಅಳುಮುಖ ಹೊತ್ತು ಬಂದವರಲ್ಲಿ ಹೆಚ್ಚಿನವರು ಎಂಜಿನ್ ಸದ್ದು ಕೇಳಿ, ಬಣ್ಣ ನೋಡಿ ದುಡ್ಡು ಕೊಟ್ಟವರು. ಎಂಜಿನ್ ಹಾಳಾದರೆ ಇಳಿಸಿ, ಮಾಡಿಸಿ, ಮತ್ತೆ ಕೂರಿಸಬಹುದು. ಚಾಸಿ ಹೋದರೆ ಇಡೀ ಗಾಡಿಯನ್ನೇ ಬಿಚ್ಚಬೇಕು.

ಸೀರೀಸ್ ಲ್ಯಾಂಡ್ ರೋವರ್ ಚಾಸಿ ಹೇಗಿದೆ ಅಂತ ಮೊದಲು ಅರ್ಥ ಮಾಡಿಕೊಳ್ಳಿ. ಸುಮಾರು 2 ಮಿ.ಮೀ. ದಪ್ಪದ ಉಕ್ಕಿನ ನಾಲ್ಕು ಪಟ್ಟಿಗಳನ್ನು ಸೇರಿಸಿ ಉದ್ದ ಪೆಟ್ಟಿಗೆಯ ಹಾಗೆ ಬೆಸೆದಿದ್ದಾರೆ. ಒಳಗೆ ಟೊಳ್ಳು. ಕೆಸರು, ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ಅಡಿಯಲ್ಲಿ ಸಣ್ಣ ತೂತುಗಳಿವೆ. ಅವು ಮಣ್ಣಿನಿಂದ ಮುಚ್ಚಿಕೊಂಡರೆ ನೀರು ಒಳಗೇ ಕೂರುತ್ತದೆ. ಹಾಗಾಗಿ ತುಕ್ಕು ಹಿಡಿಯುವುದು ಒಳಗಿನಿಂದ ಹೊರಗೆ. ನಿಮಗೆ ಹೊರಗೆ ಒಂದು ಸಣ್ಣ ಗುಳ್ಳೆ ಕಂಡಿತು ಅಂದರೆ ಒಳಗೆ ಕೆಲಸ ಮುಗಿದು ಬಹಳ ದಿನ ಆಗಿರುತ್ತದೆ.

ನೋಡಬೇಕಾದ ಜಾಗಗಳು: ಎಲ್ಲಕ್ಕಿಂತ ಹಿಂದೆ ಇರುವ ಅಡ್ಡ ತೊಲೆ, ಅಂದರೆ ರಿಯರ್ ಕ್ರಾಸ್‌ಮೆಂಬರ್. ಹಿಂದಿನ ಚಕ್ರ ಎರಚುವ ಕೆಸರೆಲ್ಲ ಅಲ್ಲಿಗೇ ಹೋಗುತ್ತದೆ. ಆಮೇಲೆ ಚಾಸಿಯಿಂದ ಪಕ್ಕಕ್ಕೆ ಚಾಚಿಕೊಂಡಿರುವ ಔಟ್‌ರಿಗರ್‌ಗಳು. ಆಮೇಲೆ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ತಗುಲಿಸುವ ಭಾಗ) ಬೆಸೆದ ಜಾಗ, ಮತ್ತು ಮುಂದೆ ಬಂಪರ್ ಕೂರುವ ಎರಡು ಕೊಂಬು. ಸ್ಪ್ರಿಂಗ್ ಹ್ಯಾಂಗರ್ ಬಳಿ ತುಕ್ಕು ತಿಂದಿದ್ದರೆ ಅದು ಬರೀ ಅಂದದ ವಿಷಯ ಅಲ್ಲ. ಗಾಡಿಯ ಭಾರ ಹೊರುವುದೇ ಅಲ್ಲಿ.

ಕೈಯಲ್ಲಿ ಸಣ್ಣ ಸುತ್ತಿಗೆ ಇರಲಿ. ಹಿಂದಿನಿಂದ ಮುಂದಕ್ಕೆ ಒಂದೊಂದು ಗೇಣು ಬಿಟ್ಟು ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಒಂದು ಸಲ ಆ ವ್ಯತ್ಯಾಸ ಕಿವಿಗೆ ಬಿದ್ದರೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ತಟ್ಟುವಾಗ ಒಳಗೆ ಮರಳು ಸುರಿದ ಹಾಗೆ ಸದ್ದು ಬಂದರೆ ಅದು ಮರಳಲ್ಲ, ಉದುರುತ್ತಿರುವ ತುಕ್ಕು.

ಇನ್ನು ಆ ಹೊಸ ಕಪ್ಪು ಕೋಟಿಂಗ್. ನನಗೆ ಹೆಚ್ಚು ಚಿಂತೆ ಆಗುತ್ತಿರುವುದು ಅದೇ. ಮಾರುವ ಮೊದಲು ಕೆಳಗೆ ಯಾಕೆ ಕೋಟಿಂಗ್ ಹೊಡೆಸಿದರು? ಹೊಡೆಯುವ ಮೊದಲು ತೆಗೆದ ಫೋಟೋ ಇದೆಯಾ ಅಂತ ಕೇಳಿ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಗೇಣನ್ನೂ ತಟ್ಟಿ ನೋಡಿ.

ಲೋರೇಂಜ್:

ಹಳೇಚಾಸಿ ಅಣ್ಣ ಹೇಳಿದ್ದಕ್ಕೆ ನನ್ನದೂ ಸಹಮತ. ನನ್ನ ಬಳಿ ಇರುವುದು ಟೊಯೋಟಾ ಲ್ಯಾಂಡ್ ಕ್ರೂಸರ್ 40 ಸೀರೀಸ್. 1960ರಿಂದ 1984ರವರೆಗೆ ತಯಾರಾದ ಗಾಡಿ. ಅದರಲ್ಲಿ ಬಾಡಿಯೂ ಉಕ್ಕಿನದೇ ಆದ್ದರಿಂದ ತುಕ್ಕು ಹುಡುಕುವ ಜಾಗ ಇನ್ನೂ ಜಾಸ್ತಿ. ಹಿಂದಿನ ಬಾಗಿಲ ಕೆಳಗಿನ ಪಟ್ಟಿ, ಮಳೆನೀರು ಇಳಿಯುವ ಟಾಪ್‌ನ ಅಂಚು, ಮುಂದಿನ ಗಾಜಿನ ಫ್ರೇಮಿನ ಕೆಳಮೂಲೆ, ಇವು ಮೂರನ್ನು ತಪ್ಪದೇ ನೋಡಬೇಕು.

ಎಂಜಿನ್ ಬಗ್ಗೆ ಒಂದೇ ಮಾತು. ಫೋನಿನಲ್ಲೇ ಹೇಳಿಬಿಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ತೆಗೆದು ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಪರೀಕ್ಷೆ ಆಗಲೇ ಅರ್ಧ ಹಾಳಾಯಿತು. ತಣ್ಣಗಿನ ಎಂಜಿನ್ ತನ್ನ ಕಷ್ಟ ಎಲ್ಲ ಹೇಳಿಕೊಳ್ಳುತ್ತದೆ, ಬಿಸಿ ಎಂಜಿನ್ ಹೇಳುವುದಿಲ್ಲ.

ತಿರುಪುಳಿ:

ನನ್ನ ಹತ್ತಿರ ಸೀರೀಸ್ 2ಎ ಇದೆ, ನಿಮ್ಮ 3ಕ್ಕಿಂತ ಹಿಂದಿನ ಮಾದರಿ. ಹನ್ನೊಂದು ವರ್ಷ ಆಯಿತು. ಚಾಸಿ ಮುಖ್ಯ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಬಲ್ಕ್‌ಹೆಡ್ ಅನ್ನು ಎರಡನೇ ಸಾಲಿಗೆ ತಳ್ಳಬೇಡಿ. ನನ್ನ ಅನುಭವದಲ್ಲಿ ಎರಡೂ ಒಂದೇ ತೂಕ.

ಬಲ್ಕ್‌ಹೆಡ್ ಅಂದರೆ ಎಂಜಿನ್‌ಗೂ ನಿಮ್ಮ ಕಾಲಿಗೂ ನಡುವೆ ಇರುವ ಗೋಡೆ. ಡ್ಯಾಶ್‌ಬೋರ್ಡ್, ಮುಂದಿನ ಗಾಜು, ಪೆಡಲ್, ಬಾಗಿಲಿನ ಹಿಂಜು ಎಲ್ಲವೂ ಅದನ್ನೇ ನಂಬಿಕೊಂಡಿವೆ. ಈ ಗಾಡಿಯ ಬಾಡಿ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹ. ಮೊದಲ ಲ್ಯಾಂಡ್ ರೋವರ್ ಬಂದಿದ್ದು 1948ರಲ್ಲಿ, ಯುದ್ಧ ಮುಗಿದು ಬ್ರಿಟನ್ನಿನಲ್ಲಿ ಉಕ್ಕಿಗೆ ಬರ ಇದ್ದ ಕಾಲ. ಆದರೆ ಬಲ್ಕ್‌ಹೆಡ್ ಮಾತ್ರ ಉಕ್ಕು. ಅದಕ್ಕೇ ಜನ ಮೋಸ ಹೋಗುತ್ತಾರೆ. ಲ್ಯಾಂಡ್ ರೋವರ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ಯಾರೋ ಹೇಳಿದ್ದನ್ನು ಕೇಳಿ ಹೊರಗಿನ ಬಾಡಿ ಮಾತ್ರ ನೋಡಿ ಬರುತ್ತಾರೆ.

ಕಾಲಿಡುವ ಜಾಗದ ಮ್ಯಾಟ್ ಎತ್ತಿ. ಒದ್ದೆ ಇದೆಯಾ ನೋಡಿ. ಕಾಲಿಡುವ ತಗಡಿನ ಮೂಲೆಗಳನ್ನು ತಿರುಪುಳಿಯ ಹಿಡಿಯಿಂದ ಒತ್ತಿ. ಗಾಜಿನ ಕೆಳಗೆ ಗಾಳಿ ಬರಲು ಇರುವ ಎರಡು ಮುಚ್ಚಳ ತೆಗೆದು ಅದರ ಮೂಲೆಗಳನ್ನು ನೋಡಿ. ಬಾಗಿಲಿನ ಕಂಬದ ಬುಡ ನೋಡಿ. ಆಮೇಲೆ ಬಾಗಿಲನ್ನು ಅರ್ಧ ತೆರೆದು ಮೇಲೆ ಕೆಳಗೆ ಎತ್ತಿ ನೋಡಿ. ಹಿಂಜು ಆಡುತ್ತಿದ್ದರೆ ಪಿನ್ ಸವೆದಿದೆ ಅಷ್ಟೇ. ಕಂಬವೇ ಆಡುತ್ತಿದ್ದರೆ ಕೆಲಸ ದೊಡ್ಡದು.

ಅಲ್ಯೂಮಿನಿಯಂಗೂ ಒಂದು ಕಾಯಿಲೆ ಇದೆ. ಅದು ಉಕ್ಕಿಗೆ ತಾಗಿಕೊಂಡ ಜಾಗದಲ್ಲಿ ನೀರು ಸೇರಿದರೆ, ಅಲ್ಯೂಮಿನಿಯಂ ತಾನೇ ಕರಗಿ ಬಿಳಿ ಪುಡಿ ಆಗುತ್ತದೆ. ಬಣ್ಣದ ಕೆಳಗೆ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಇದು ಸಾಮಾನ್ಯ. ಬಾಗಿಲಿನ ಒಳಗಿನ ಚೌಕಟ್ಟು ಉಕ್ಕು, ಹೊರಗಿನ ತಗಡು ಅಲ್ಯೂಮಿನಿಯಂ, ಅದಕ್ಕೆ.

ಮಣ್ಣುದಾರಿ:

ತಿರುಪುಳಿ ಮೇಡಂ, ಹಳೇಚಾಸಿ ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಒಂದು ಸಂಕೋಚ ಕೇಳಲೇ? ಬೇರೆಯವರ ಗಾಡಿಗೆ ಸುತ್ತಿಗೆಯಿಂದ ತಟ್ಟುವುದು, ತಿರುಪುಳಿಯಿಂದ ಒತ್ತುವುದು ಅಂದರೆ ಅವರಿಗೆ ಬೇಜಾರಾಗುವುದಿಲ್ಲವೇ?

ಹಳೇಚಾಸಿ:

ಮೊದಲೇ ಕೇಳಿ. "ಸರ್, ಚಾಸಿ ತಟ್ಟಿ ನೋಡುತ್ತೇನೆ, ಬಣ್ಣ ಏಳದ ಹಾಗೆ ನೋಡಿಕೊಳ್ಳುತ್ತೇನೆ, ನೀವೂ ಜೊತೆಗೇ ಬನ್ನಿ" ಅನ್ನಿ. ಗಾಡಿ ಪ್ರೀತಿಸುವ ಮಾಲೀಕರು ತಾವೇ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲಿ ಮಲಗುತ್ತಾರೆ. ಬೇಡ ಅಂದರೆ ಅದಕ್ಕೆ ಗೌರವ ಕೊಟ್ಟು ವಾಪಸ್ ಬನ್ನಿ. ಮತ್ತೆ, ಚುಚ್ಚಬೇಡಿ. ಮೆಲ್ಲಗೆ ತಟ್ಟುವುದು, ಹೆಬ್ಬೆರಳಿನಿಂದ ಒತ್ತುವುದು ಸಾಕು.

ಒಂದು ಆಯಸ್ಕಾಂತ ತೆಳು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ಉಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದರೆ ಅಲ್ಲಿ ಅದು ಹಿಡಿಯುವುದಿಲ್ಲ.

ಗ್ರೀಸ್‌ಗನ್:

ನಾನು ಆಕ್ಸಲ್ ಹೌಸಿಂಗ್, ಗೇರ್‌ಬಾಕ್ಸ್ ಕೆಲಸ ಮಾಡುವವನು. ಚಾಸಿ ವಿಷಯ ಹೇಳಿ ಆಗಿದೆ, ನಾನು ನಡೆಯುವ ಭಾಗಗಳ ಬಗ್ಗೆ ಹೇಳುತ್ತೇನೆ.

ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರೆ ಕ್ರೋಮ್ ಮಾಡಿದ ದೊಡ್ಡ ಗುಂಡು ಕಾಣುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಹಬ್ ಈ ಗುಂಡಿನ ಮೇಲೆ ಜಾರುತ್ತದೆ. ಅದಕ್ಕೆ ಸ್ವಿವೆಲ್ ಅನ್ನುತ್ತಾರೆ. ಒಂದು ಬಟ್ಟೆಯಲ್ಲಿ ಅದನ್ನು ಒರೆಸಿ, ಉಗುರಿನಿಂದ ನಿಧಾನಕ್ಕೆ ಗೀರಿ. ಉಗುರು ನುಣ್ಣಗೆ ಜಾರಿದರೆ ಸರಿ. ಅಲ್ಲಲ್ಲಿ ಸಿಕ್ಕಿಕೊಂಡರೆ ಕ್ರೋಮ್ ಎದ್ದು ಗುಳಿ ಬಿದ್ದಿದೆ ಅಂತ ಅರ್ಥ. ಆ ಗುಳಿ ಆಯಿಲ್ ಸೀಲ್ ಅನ್ನು ಕತ್ತರಿಸುತ್ತದೆ. ಹೊಸ ಸೀಲ್ ಹಾಕಿಸಿದರೂ ಮತ್ತೆ ಲೀಕ್ ಆಗುತ್ತದೆ, ಗುಂಡನ್ನೇ ಬದಲಿಸಬೇಕು. ಸ್ವಲ್ಪ ಜಿನುಗುವುದು ಈ ವಯಸ್ಸಿನ ಗಾಡಿಯಲ್ಲಿ ಇರುತ್ತದೆ. ಟೈರಿನ ಒಳಬದಿಗೆ ಆಯಿಲ್ ಎರಚಿದ್ದರೆ, ಬ್ರೇಕ್ ಡ್ರಮ್ಮಿಗೂ ಹೋಗಿದೆಯಾ ಅಂತ ನೋಡಬೇಕು.

ಮುಂದಿನ ಚಕ್ರ ಜ್ಯಾಕ್ ಕೊಟ್ಟು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್. ಹಾಗೇ ಇದ್ದರೆ ಸ್ವಿವೆಲ್ ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಹಬ್ ತಿರುಗುವ ಕೀಲು. ವೀಲ್ ಬೇರಿಂಗ್ ಸಣ್ಣ ಖರ್ಚು. ಸ್ವಿವೆಲ್ ಪಿನ್ ಸಡಿಲ ಇದ್ದರೆ ಓಡುವಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ನಡುಗಲು ಶುರುವಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಲ್ಯಾಂಡ್ ರೋವರ್‌ನ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಬಾಕ್ಸಿನ (ಎಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ಪೆಟ್ಟಿಗೆ) ಹಿಂದೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದರೆ, ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಆ ಚಕ್ರ ತಿರುಗಿಕೊಂಡು ಗಾಡಿ ಉರುಳಿಬಿಡುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಸಹ. ಯಾವ ಚಕ್ರ ಎತ್ತಿದರೂ ಉಳಿದ ಚಕ್ರಗಳಿಗೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಾನೇ ಒಬ್ಬ ಹುಡುಗನ ಕಾಲು ಮುರಿದಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಗೇರ್‌ಬಾಕ್ಸ್‌ಗೆ ಬರೋಣ. ಸೀರೀಸ್ 3ರಲ್ಲಿ ಮುಂದಕ್ಕೆ ಹೋಗುವ ನಾಲ್ಕೂ ಗೇರಿಗೆ ಸಿಂಕ್ರೋ (ಗೇರ್ ಸದ್ದಿಲ್ಲದೆ ಕೂರುವ ಹಾಗೆ ವೇಗ ಹೊಂದಿಸುವ ಭಾಗ) ಇದೆ. ಹಾಗಾಗಿ ಎರಡನೇ ಗೇರ್ ಹಾಕುವಾಗ ಕರ್ ಅಂದರೆ ಸಿಂಕ್ರೋ ಸವೆದಿದೆ. ತಿರುಪುಳಿ ಮೇಡಂ ಅವರ 2ಎ ಗಾಡಿಯಲ್ಲಿ ಮೂರು, ನಾಲ್ಕಕ್ಕೆ ಮಾತ್ರ ಸಿಂಕ್ರೋ. ಅಲ್ಲಿ ಎರಡಕ್ಕೆ ಇಳಿಸುವಾಗ ಕರ್ ಅಂದರೆ ಡಬಲ್ ಕ್ಲಚ್ ಮಾಡುವುದು (ನಡುವೆ ನ್ಯೂಟ್ರಲ್‌ಗೆ ತಂದು ಎರಡು ಸಲ ಕ್ಲಚ್ ಒತ್ತಿ ಗೇರ್ ಬದಲಿಸುವುದು) ಇನ್ನೂ ಕೈಗೆ ಕೂತಿಲ್ಲ ಅಂತ. ಯಾವ ಸೀರೀಸ್ ಅನ್ನುವುದು ಗೊತ್ತಿಲ್ಲದೆ ಗೇರ್‌ಬಾಕ್ಸ್ ಬೈಯಬಾರದು. ಪ್ರತಿ ಗೇರಿನಲ್ಲೂ ಸ್ವಲ್ಪ ವೇಗ ತಂದು ಆಕ್ಸಿಲರೇಟರ್ ಪೂರ್ತಿ ಬಿಡಿ. ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಒಳಗೆ ಸವೆತ ಜಾಸ್ತಿ ಇದೆ.

ಫೋರ್ ವೀಲ್ ಕೆಲಸ ಮಾಡುತ್ತದಾ ಅಂತ ನೋಡುವುದು ಸುಲಭ. ಸೀರೀಸ್ 3ರಲ್ಲಿ ಹಳದಿ ಗುಂಡಿ ಒತ್ತಿದರೆ ಹೈ ರೇಂಜಿನಲ್ಲಿ ಫೋರ್ ವೀಲ್. ಕೆಂಪು ಗುಂಡಿಯ ಲಿವರ್ ಲೋ ರೇಂಜಿಗೆ (ವೇಗ ಕಡಿಮೆ, ಎಳೆತ ಜಾಸ್ತಿ), ಅದನ್ನು ಗಾಡಿ ನಿಲ್ಲಿಸಿಯೇ ಹಾಕಬೇಕು. ಸಮತಟ್ಟು ನೆಲದಲ್ಲಿ, ಎಂಜಿನ್ ಬಂದ್ ಮಾಡಿ, ಮುಂದಿನ ಒಂದೇ ಚಕ್ರ ಎತ್ತಿ. ಹಬ್‌ನಲ್ಲಿ ಫ್ರೀ ವೀಲ್ (ಚಕ್ರವನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸುವ ಭಾಗ) ಇದ್ದರೆ ಅದನ್ನು ಲಾಕ್ ಮಾಡಿ. ಟೂ ವೀಲ್‌ನಲ್ಲಿ ಆ ಚಕ್ರ ಕೈಯಲ್ಲಿ ತಿರುಗುತ್ತದೆ. ಹಳದಿ ಗುಂಡಿ ಒತ್ತಿ ಗೇರಿಗೆ ಹಾಕಿದ ಮೇಲೆ ತಿರುಗಬಾರದು. ಸ್ವಲ್ಪ ಆಟ ಇರುತ್ತದೆ, ಸುತ್ತುತ್ತಲೇ ಇದ್ದರೆ ಮಾತ್ರ ತೊಂದರೆ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸಿ ಪರೀಕ್ಷೆ ಮಾಡಬೇಡಿ. ಈ ಗಾಡಿಯಲ್ಲಿ ಮುಂದೆ ಹಿಂದೆ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಎಲ್ಲವೂ ಬಿಗಿದುಕೊಳ್ಳುತ್ತದೆ.

ಕೊನೆಯದಾಗಿ ಸ್ಟೇರಿಂಗ್. ಮುಂದಿನ ಅಡ್ಡ ತೊಲೆಯೊಳಗೆ ನಿಂತಿರುವ ಸ್ಟೇರಿಂಗ್ ರಿಲೇ (ಸ್ಟೇರಿಂಗ್ ತಿರುಗುವುದನ್ನು ಚಕ್ರಗಳಿಗೆ ದಾಟಿಸುವ ಭಾಗ) ಬಿಗಿಯಾಗಿದ್ದರೆ ತಿರುಗಿಸಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ತುಕ್ಕು ಹಿಡಿದು ತೊಲೆಯೊಳಗೇ ಸಿಕ್ಕಿಕೊಂಡ ರಿಲೇ ತೆಗೆಯುವುದು ಒಂದು ದಿನದ ಕೆಲಸ. ಒಳಗೆ ಬಲವಾದ ಸ್ಪ್ರಿಂಗ್ ಇದೆ, ಗೊತ್ತಿಲ್ಲದವರು ಬಿಚ್ಚಬಾರದು.

ಲೋರೇಂಜ್:

40 ಸೀರೀಸ್ ನೋಡುವವರಿಗೂ ಒಂದು ಮಾತು ಸೇರಿಸುತ್ತೇನೆ. ಮಣ್ಣಿನ ನೆಲದಲ್ಲಿ ಫೋರ್ ವೀಲ್ ಹಾಕಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯಿರಿ. ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಬಂದರೆ ಅಲ್ಲಿನ ಬರ್‌ಫೀಲ್ಡ್ ಜಾಯಿಂಟ್ (ತಿರುಗಿಸಿದ ಚಕ್ರಕ್ಕೂ ಬಲ ಒಯ್ಯುವ ಕೀಲು) ಸವೆದಿದೆ. ಬಿಡಿಭಾಗಕ್ಕೆ ಹೆದರಬೇಡಿ. ಲ್ಯಾಂಡ್ ಕ್ರೂಸರ್ ಹೆಸರಿನ ಗಾಡಿಗಳ 70ನೇ ವರ್ಷದ ನೆನಪಿಗೆ 2021ರಲ್ಲಿ ಟೊಯೋಟಾ ಕಂಪನಿಯೇ 40 ಸೀರೀಸ್ ಭಾಗಗಳನ್ನು ಮತ್ತೆ ತಯಾರಿಸುವುದಾಗಿ ಹೇಳಿತು.

ದಾಖಲೆಪೆಟ್ಟಿಗೆ:

ಎಲ್ಲರೂ ಕಬ್ಬಿಣ ನೋಡುತ್ತಿದ್ದೀರಿ, ಕಾಗದ ಯಾರೂ ನೋಡುತ್ತಿಲ್ಲ. ಸುತ್ತಿಗೆ ಹಿಡಿಯುವ ಮೊದಲು ನೋಂದಣಿ ಪತ್ರ ಕೈಗೆ ತೆಗೆದುಕೊಳ್ಳಿ.

ಸೀರೀಸ್ 3ರಲ್ಲಿ ಚಾಸಿ ನಂಬರ್ ಅನ್ನು ಬಲಬದಿ ಮುಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಚಾಸಿ ಮೇಲೇ ಕುಟ್ಟಿರುತ್ತಾರೆ. ವೈರ್ ಬ್ರಷ್ ಹಾಕಿ ಉಜ್ಜಿ ಓದಬೇಕು. ಒಳಗಿನ ತಗಡಿನ ಫಲಕದಲ್ಲಿ ಇರುವುದು, ಚಾಸಿ ಮೇಲೆ ಇರುವುದು, ಕಾಗದದಲ್ಲಿ ಇರುವುದು, ಮೂರೂ ಒಂದೇ ಆಗಿರಬೇಕು. ಫಲಕಕ್ಕೆ ಬರೀ ರಿವಿಟ್ ಅಷ್ಟೇ. ಯಾರು ಬೇಕಾದರೂ ಕಿತ್ತು ಬೇರೆ ಗಾಡಿಗೆ ಹೊಡೆಯಬಹುದು. ಹಾಗಾಗಿ ಬರೀ ಫಲಕ ನಂಬಬೇಡಿ.

ನಾನು ಒಂದು ಗಾಡಿ ತೆಗೆದುಕೊಂಡಿದ್ದೆ. ಕಾಗದ ಸರಿ, ಫಲಕ ಸರಿ. ಮನೆಗೆ ತಂದು ತೊಳೆದ ಮೇಲೆ ಚಾಸಿ ನಂಬರ್ ಇರಬೇಕಾದ ಜಾಗದಲ್ಲಿ ಗ್ರೈಂಡರ್ ಗುರುತು ಕಂಡಿತು. ಎಂಟು ತಿಂಗಳು ಅಲೆದೆ. ಗಾಡಿ ಕದ್ದದ್ದೇನೂ ಅಲ್ಲ. ಹಿಂದಿನವರು ಯಾರೋ ಚಾಸಿ ಬದಲಿಸಿ ಕಾಗದದಲ್ಲಿ ದಾಖಲು ಮಾಡಿಸಿರಲಿಲ್ಲ. ಆ ಎಂಟು ತಿಂಗಳೂ ಅದು ಶೆಡ್ಡಿನಲ್ಲೇ ನಿಂತಿತ್ತು. ಮಗಳು ದಿನಾ ಬಂದು ಯಾವಾಗ ಹೋಗುವುದು ಅಪ್ಪಾ ಅಂತ ಕೇಳುತ್ತಿದ್ದಳು.

ಚಾಸಿ ಬದಲಾಗಿರುವುದು ತಪ್ಪಲ್ಲ. ಗ್ಯಾಲ್ವನೈಸ್ ಮಾಡಿದ, ಅಂದರೆ ತುಕ್ಕು ತಡೆಯಲು ಸತುವಿನ ಲೇಪ ಕೊಟ್ಟ ಹೊಸ ಚಾಸಿ ಹಾಕಿದ್ದರೆ ಅದು ಒಳ್ಳೆಯದೇ. ಆದರೆ ಬದಲಿಸಿದ್ದಕ್ಕೆ ದಾಖಲೆ ಇರಲೇಬೇಕು. ಎಂಜಿನ್ ನಂಬರಿಗೂ ಇದೇ ಮಾತು.

ನಾಲ್ಕುಗಾಲಿ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊಸಬರಿಗೆ ಇಷ್ಟೆಲ್ಲ ಹೆದರಿಸಿದರೆ ಯಾರೂ ಹಳೇ ಗಾಡಿ ಕೊಳ್ಳುವುದಿಲ್ಲ. ಚೆನ್ನಾಗಿ ಮಾಡಿಸಿಟ್ಟ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟು ತೆಗೆದುಕೊಳ್ಳುವುದೇ ಜಾಣತನ. ಹಾಳಾದದ್ದನ್ನು ತಂದು ಮಾಡಿಸುವ ಖರ್ಚು ಯಾವಾಗಲೂ ಅದಕ್ಕಿಂತ ಜಾಸ್ತಿ ಆಗುತ್ತದೆ. ಈ ಗಾಡಿ ಪೂರ್ತಿ ಮಾಡಿಸಿದ್ದು ಅಂತ ಹೇಳುತ್ತಿದ್ದಾರೆ ಅಲ್ವಾ?

ತಿರುಪುಳಿ:

ನಿಮ್ಮ ಮಾತು ನಿಜ, ಆದರೆ "ಚೆನ್ನಾಗಿ" ಅನ್ನುವ ಪದದ ಮೇಲೆ ನಿಂತಿದೆ. ಮಾಡಿಸಿದ ಗಾಡಿ, ಬಣ್ಣ ಹೊಡೆಸಿದ ಗಾಡಿ ಎರಡೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ಬಿಚ್ಚಿದಾಗಿನ ಫೋಟೋ, ಬಿಡಿಭಾಗದ ಬಿಲ್ಲು, ಯಾವ ಕೆಲಸ ಯಾವಾಗ ಆಯಿತು ಅಂತ ಬರೆದಿಟ್ಟ ಪುಸ್ತಕ ಇದ್ದರೆ ನಾನೂ ಜಾಸ್ತಿ ಕೊಟ್ಟು ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ, ಬಣ್ಣ ಮಾಸಿದ, ಏನೂ ಮುಚ್ಚಿಡದ ಗಾಡಿಯೇ ನನಗೆ ವಾಸಿ. ಅದರಲ್ಲಿ ತುಕ್ಕು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ಹೊಸ ಎಂಜಿನ್ ಕೆಲಸ ಅಂದಿದ್ದಾರಲ್ಲ, ಆಯಿಲ್ ಹಾಕುವ ಮುಚ್ಚಳ ತೆಗೆದು ಸ್ಲೋ ಮೇಲೆ ಓಡಲು ಬಿಡಿ. ಅಲ್ಲಿಂದ ಪುಸುಪುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿ ಪಿಸ್ಟನ್ ದಾಟಿ ಕೆಳಗೆ ಬರುತ್ತಿದೆ. ಹಾಗಾದರೆ ಪಿಸ್ಟನ್ ರಿಂಗ್ ಮುಟ್ಟಿಯೇ ಇಲ್ಲ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗಲೇ ತೆಗೆಯಿರಿ, ನೀರಿನ ಮೇಲೆ ಎಣ್ಣೆಪಸೆ ಇರಬಾರದು. ಸೀಟು ಎತ್ತಿ ನೋಡಿ, ಈ 88ರಲ್ಲಿ ಪೆಟ್ರೋಲ್ ಟ್ಯಾಂಕ್ ಅಲ್ಲೇ ಕೆಳಗೆ ಇದೆ. ಪೆಟ್ರೋಲ್ ವಾಸನೆ ಬಂದರೆ ಹಳೇ ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ ನೋಡಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಆ ಕಾಲದ ರಬ್ಬರಿಗೆ ಆಗಿಬರುವುದಿಲ್ಲ.

ಮಣ್ಣುದಾರಿ:

ಹೋಗಿ ಬಂದೆ. ಈಗ ರಾತ್ರಿ ಹನ್ನೊಂದು ಗಂಟೆ. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾಲೀಕರು ವಯಸ್ಸಾದವರು, ತುಂಬಾ ಒಳ್ಳೆಯವರು. ಎಂಜಿನ್ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ನೀವು ಬರುತ್ತೀರಿ ಅಂತ ಬೆಳಿಗ್ಗೆ ಒಂದು ಸುತ್ತು ಹೋಗಿ ಬಂದೆ ಅಂದರು. ನಾನು ಫೋನಿನಲ್ಲಿ ಹೇಳಲು ಮರೆತಿದ್ದೆ. ಹಾಗಾಗಿ ತಣ್ಣಗಾಗಲಿ ಅಂತ ಬಿಟ್ಟು ಮೊದಲು ಕಾಗದ ನೋಡಿದೆವು. ಮೂರೂ ಕಡೆ ನಂಬರ್ ಒಂದೇ. ದಾಖಲೆಪೆಟ್ಟಿಗೆ ಸರ್, ನಿಮ್ಮ ಮಾತಿಗೆ ಋಣಿ.

ಆಯಸ್ಕಾಂತ ಮೊದಲು ಬಾಗಿಲಿಗೆ ಇಟ್ಟೆ. ಹಿಡಿಯಲಿಲ್ಲ! ಎದೆ ಧಸಕ್ಕೆಂದಿತು. ಆಮೇಲೆ ಅದು ಅಲ್ಯೂಮಿನಿಯಂ ಅಂತ ನೆನಪಾಯಿತು. ಬಲ್ಕ್‌ಹೆಡ್ ಪೂರ್ತಿ ಹಿಡಿಯಿತು, ಕಾಲಿಡುವ ಜಾಗ ಒಣಗಿತ್ತು, ಬಾಗಿಲಿನ ಕಂಬ ಗಟ್ಟಿ. ಸ್ವಿವೆಲ್ ಗುಂಡಿನಲ್ಲಿ ಎಡಗಡೆ ನುಣುಪು, ಬಲಗಡೆ ಎರಡು ಕಡೆ ಉಗುರು ಸಿಕ್ಕಿತು. ಮಧ್ಯಾಹ್ನ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದೇ ಸಲಕ್ಕೆ ಹತ್ತಿತು. ನೀಲಿ ಹೊಗೆ ಒಂದು ಕ್ಷಣ ಬಂದು ನಿಂತಿತು. ಮುಚ್ಚಳ ತೆಗೆದರೆ ಹೊಗೆ ಇಲ್ಲ. ಗೇರ್ ಯಾವುದೂ ಹಾರಲಿಲ್ಲ.

ಆಮೇಲೆ ಕೆಳಗೆ ಮಲಗಿದೆ. ಮಾಲೀಕರೇ ಟಾರ್ಚ್ ಹಿಡಿದರು. ಮುಂದಿನಿಂದ ಮಧ್ಯದವರೆಗೆ ಎಲ್ಲ ಕಡೆ ಠಣ್. ಎಷ್ಟು ಖುಷಿ ಆಯಿತು ಅಂದರೆ ಹೇಳಲಾರೆ. ಹಿಂದಿನ ಚಕ್ರ ದಾಟಿದ ಮೇಲೆ ಸದ್ದು ಬದಲಾಯಿತು. ಎಡಗಡೆ ಹಿಂದಿನ ಸ್ಪ್ರಿಂಗ್ ಹ್ಯಾಂಗರಿನ ಮೇಲೆ ಡಬ್. ಕಪ್ಪು ಕೋಟಿಂಗ್ ಬೆರಳಿನ ಅಡಿಯಲ್ಲಿ ಮೆತ್ತಗೆ ಒಳಗೆ ಹೋಯಿತು. ಆಯಸ್ಕಾಂತ ಅಲ್ಲಿಗೆ ಇಟ್ಟರೆ ಎದೆಯ ಮೇಲೆ ಬಿತ್ತು. ಕ್ರಾಸ್‌ಮೆಂಬರ್ ಮೇಲೆ ಹಳೇ ತುಕ್ಕಿನ ಮೇಲೇ ತಗಡು ಇಟ್ಟು ವೆಲ್ಡ್ ಮಾಡಿದ ಗೆರೆ ಕೈಗೆ ಸಿಕ್ಕಿತು.

ನಾನು ಏನೂ ಹೇಳಲಿಲ್ಲ. ಮಾಲೀಕರೇ ಕೈ ಚಾಚಿ ಅದೇ ಜಾಗ ಒತ್ತಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನೂ ಹೀಗೇ ತೆಗೆದುಕೊಂಡೆ ಅನ್ನಿಸುತ್ತದೆ" ಅಂದರು. ಅವರು ನಾಲ್ಕು ವರ್ಷದ ಹಿಂದೆ ಕೊಂಡಾಗಲೂ ಕೆಳಗೆ ಕಪ್ಪು ಬಣ್ಣ ಇತ್ತಂತೆ. ಇವರು ಅದರ ಮೇಲೆ ಇನ್ನೊಂದು ಕೋಟು ಹೊಡೆಸಿದ್ದಾರೆ, ಗಾಡಿಗೆ ಒಳ್ಳೆಯದು ಅಂತ ನಂಬಿ.

ಹಳೇಚಾಸಿ:

ಚೆನ್ನಾಗಿ ನೋಡಿದ್ದೀರಿ ತಮ್ಮಾ. ಮೊದಲ ಸಲಕ್ಕೆ ಇಷ್ಟು ನೋಡುವವರು ಕಡಿಮೆ.

ಈಗಿನ ಸ್ಥಿತಿಯಲ್ಲಿ ಅದನ್ನು ಓಡಿಸಬಾರದು. ಸ್ಪ್ರಿಂಗ್ ಹ್ಯಾಂಗರ್ ಕಿತ್ತರೆ ಹಿಂದಿನ ಆಕ್ಸಲ್ ಓರೆ ಆಗುತ್ತದೆ. ಮಾಲೀಕರಿಗೂ ಇದನ್ನು ಹೇಳಿ. ಅವರು ಬೆಳಿಗ್ಗೆ ಸುತ್ತು ಹೊಡೆದು ಬಂದಿದ್ದು ಕೇಳಿ ನನಗೆ ಭಯ ಆಯಿತು.

ಆದರೆ ಮುಂದಿನಿಂದ ಮಧ್ಯದವರೆಗೆ ಠಣ್ ಅಂದರೆ, ಬಲ್ಕ್‌ಹೆಡ್ ಗಟ್ಟಿ ಅಂದರೆ ಈ ಗಾಡಿ ಬದುಕುತ್ತದೆ. ಹಿಂಭಾಗದ ಚಾಸಿ ತುಂಡು ಮತ್ತು ಕ್ರಾಸ್‌ಮೆಂಬರ್ ಹೊಸದು ಸಿಗುತ್ತದೆ. ತುಕ್ಕಿನ ಮೇಲೆ ತಗಡು ಹಾಕುವುದಲ್ಲ. ಹೊಳೆಯುವ ಉಕ್ಕು ಸಿಗುವ ತನಕ ಕತ್ತರಿಸಿ ತೆಗೆದು, ಅಲ್ಲಿಂದ ಹೊಸದನ್ನು ಜೋಡಿಸಬೇಕು. ಆದರೆ ಒಂದು ವಿಷಯ ಗೊತ್ತಾಗಬೇಕು, ಚಾಸಿ ನೇರ ಇದೆಯಾ? ಟೇಪು ಹಿಡಿದು ಅಡ್ಡಮೂಲೆ ಅಳೆಯಿರಿ. ಮುಂದಿನ ಎಡ ಸ್ಪ್ರಿಂಗ್ ಬೋಲ್ಟಿನಿಂದ ಹಿಂದಿನ ಬಲ ಸ್ಪ್ರಿಂಗ್ ಬೋಲ್ಟಿಗೆ ಒಂದು, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಒಂದು. ಬೋಲ್ಟಿನ ನಡುವಿನಿಂದ ನಡುವಿಗೆ. ಎರಡೂ ಹತ್ತಿರ ಹತ್ತಿರ ಒಂದೇ ಬಂದರೆ ನೇರ ಇದೆ. ಕೊಳ್ಳುತ್ತೀರೋ ಬಿಡುತ್ತೀರೋ, ಅವರಿಗೆ ಅಷ್ಟು ಅಳೆದುಕೊಡಿ.

ನಾಲ್ಕುಗಾಲಿ:

ಮಾಡಿಸಿದ ಗಾಡಿ ಅಂದರೆ ಸಾಕು ಅಂತ ನಾನು ಬರೆದಿದ್ದೆ. ಈ ವಿವರ ಓದಿದ ಮೇಲೆ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಗಾಡಿಯ ಕೆಳಗೂ ಕಪ್ಪು ಕೋಟಿಂಗ್ ಇದೆ. ನಾಳೆ ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡು ಕೆಳಗೆ ಹೋಗುತ್ತೇನೆ.

ಮಣ್ಣುದಾರಿ:

ಇವತ್ತು ಮತ್ತೆ ಹೋಗಿದ್ದೆ. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಮೂರು ಸಲ ಅಳೆದೆವು. ಎರಡು ಅಡ್ಡಮೂಲೆಗಳ ನಡುವೆ 4 ಮಿ.ಮೀ. ವ್ಯತ್ಯಾಸ. ಅಣ್ಣ, ಇದು ಜಾಸ್ತಿಯಾ?

ಅವರು ಗಾಡಿ ಮಾರುವುದನ್ನು ನಿಲ್ಲಿಸಿದ್ದಾರೆ. "ಈ ಸ್ಥಿತಿಯಲ್ಲಿ ಯಾರಿಗೂ ಕೊಡಲಾರೆ, ನೀವೂ ಬೇಡ, ಬೇರೆಯವರೂ ಬೇಡ, ಮೊದಲು ಸರಿ ಮಾಡಿಸುತ್ತೇನೆ" ಅಂದರು. ಚಾಸಿ ಕೆಲಸ ಬಲ್ಲವರು ಯಾರಾದರೂ ಗೊತ್ತಾ ಅಂತ ಕೇಳಿದರು. ನಾನು ಹುಡುಕುವುದನ್ನು ಮುಂದುವರಿಸುತ್ತೇನೆ. ಆದರೆ ಕತ್ತರಿಸುವ ದಿನ ನನ್ನನ್ನೂ ಕರೆಯಿರಿ ಅಂತ ಹೇಳಿ ಬಂದಿದ್ದೇನೆ.

ಹಳೇಚಾಸಿ:

ಈ ವಯಸ್ಸಿನ ಗಾಡಿಗೆ 4 ಮಿ.ಮೀ. ಅಂದರೆ ನೇರ ಇದೆ ಅಂತಲೇ ನಾನು ಹೇಳುತ್ತೇನೆ. ಪೆಟ್ಟು ತಿಂದ ಗಾಡಿ ಅಲ್ಲ.

ಅವರಿಗೆ ನನ್ನ ಮಾತಾಗಿ ಎರಡು ವಿಷಯ ತಿಳಿಸಿ. ಒಂದು, ವೆಲ್ಡಿಂಗ್ ಶುರು ಮಾಡುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿಸಬೇಕು, ಬ್ಯಾಟರಿ ವೈರ್ ಬಿಚ್ಚಿರಬೇಕು. ಎರಡು, ಹಿಂಭಾಗ ಕತ್ತರಿಸುವ ಮೊದಲು ಎರಡು ಉದ್ದ ತೊಲೆಗಳ ನಡುವೆ ಅಡ್ಡ ಆಂಗಲ್ ಇಟ್ಟು ತಾತ್ಕಾಲಿಕವಾಗಿ ಬೆಸೆಯಬೇಕು. ಇಲ್ಲದಿದ್ದರೆ ವೆಲ್ಡಿಂಗ್ ಶಾಖಕ್ಕೆ ಚಾಸಿ ಎಳೆದುಕೊಳ್ಳುತ್ತದೆ. ನೀವು ಬರೆದಿಟ್ಟ ಎರಡು ಅಳತೆಯ ಚೀಟಿ ಅವರ ಹತ್ತಿರವೇ ಇರಲಿ. ಕೆಲಸ ಮುಗಿದ ಮೇಲೆ ಮತ್ತೆ ಅಳೆದು ಅದೇ ಲೆಕ್ಕ ಬರುತ್ತದಾ ನೋಡಬೇಕು. ಆಗಲೂ ಟೇಪಿನ ಇನ್ನೊಂದು ತುದಿ ಹಿಡಿಯಲು ನೀವೇ ಹೋಗಿ.